ಹಾರಿದವರಿಗೂ ಹಡಗೇ ದಾರಿ

ಪ್ರಶ್ನೆ: ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ನೌಕಾಪಡೆಯ ಪೈಲಟ್ ಆಗುವ ಹಟ. ‘ವಿಮಾನ ಹಾರಿಸುವವರು ಅಲ್ಲಿ ದೊಡ್ಡ ಹುದ್ದೆಗೆ ಏರುವುದಿಲ್ಲ’ ಎಂದು ಲೋಕಲ್ ರೈಲಿನಲ್ಲಿ ಜೊತೆಗೆ ಬರುವ ಗೆಳೆಯರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಟಿಟ್ವಾಳಾ

ಉತ್ತರ: ನಿಜವಲ್ಲ. 1961ರ ಮೇ 18ರಂದು ವಿಮಾನವಾಹಕ ನೌಕೆ ‘ವಿಕ್ರಾಂತ್’ ಮೇಲೆ ಸೀ ಹಾಕ್ ಜೆಟ್ ಇಳಿಸಿದ ಮೊದಲ ಭಾರತೀಯ ಆರ್.ಎಚ್. ತಹಿಲಿಯಾನಿ. ಆಗ ಅವರು ಲೆಫ್ಟಿನೆಂಟ್. ಮುಂದೆ ಅದೇ ಹಡಗಿನ ಕಮಾಂಡರ್ ಆದರು, 1984ರಲ್ಲಿ ನೌಕಾಪಡೆಯ ಮುಖ್ಯಸ್ಥರೂ ಆದರು. ಆ ಹುದ್ದೆಗೇರಿದ ಮೊದಲ ವೈಮಾನಿಕ ಅವರೇ. 1971ರ ಯುದ್ಧದಲ್ಲಿ ವಾಯುಪಡೆಯ ಹಂಟರ್ ಹಾರಿಸಿ ವೀರಚಕ್ರ ಪಡೆದ ನೌಕಾಧಿಕಾರಿ ಅರುಣ್ ಪ್ರಕಾಶ್ ‘ವಿರಾಟ್’ ನೌಕೆಯನ್ನು ನಡೆಸಿ, 2004ರಲ್ಲಿ ಮುಖ್ಯಸ್ಥರಾದರು. ಗಮನಿಸಿ, ಇಬ್ಬರೂ ಹಡಗು ನಡೆಸಿದವರು. ಹಾರಾಟವೊಂದನ್ನೇ ನೆಚ್ಚಿ ಅಲ್ಲಿಗೆ ಏರಿದವರಲ್ಲ.

ಪ್ರಶ್ನೆ: ಹಡಗಿನ ಮೇಲೆ ವಿಮಾನ ಇಳಿಸುವುದರಲ್ಲಿ ಅಂಥ ಕಷ್ಟವೇನು? ನಮ್ಮ ಕಾರವಾರಕ್ಕೂ ನೌಕಾಪಡೆಯ ಈ ಹಾರಾಟದ ಕಥೆಗೂ ನಂಟಿದೆಯೇ?
– ಕಾರವಾರ ಮೂಲದ ಓದುಗರು, ಕಲ್ಯಾಣ

ಉತ್ತರ: ವಿಮಾನದ ಬಾಲದಡಿಯ ಕೊಕ್ಕೆ ಡೆಕ್‌ಗೆ ಅಡ್ಡಲಾಗಿ ಎಳೆದ ಉಕ್ಕಿನ ಹಗ್ಗವೊಂದಕ್ಕೆ ಸಿಕ್ಕಿಕೊಳ್ಳಬೇಕು. ಚಕ್ರ ಡೆಕ್ ಮುಟ್ಟಿದೊಡನೆ ಪೈಲಟ್ ಎಂಜಿನ್ ತಗ್ಗಿಸುವುದಿಲ್ಲ, ಪೂರ್ತಿ ಜೋರು ಕೊಡುತ್ತಾನೆ. ಕೊಕ್ಕೆ ತಪ್ಪಿದರೆ ಮರುಕ್ಷಣವೇ ಮೇಲೇಳಬೇಕಲ್ಲ! ಕೆಳಗೆ ಹಡಗೂ ಓಲಾಡುತ್ತಿರುತ್ತದೆ.

ಕಾರವಾರದ ನಂಟು ಗಟ್ಟಿಯಾಗಿಯೇ ಇದೆ. ಅಲ್ಲಿನ ಸೀಬರ್ಡ್ ನೌಕಾನೆಲೆಗೆ 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟಾಗ ಮುಖ್ಯಸ್ಥರಾಗಿದ್ದವರು ತಹಿಲಿಯಾನಿ. 2005ರ ಮೇ 31ರಂದು ಆ ನೆಲೆ ‘ಐಎನ್‌ಎಸ್ ಕದಂಬ’ ಎಂಬ ಹೆಸರಿನಲ್ಲಿ ಸೇವೆಗೆ ಸೇರಿದಾಗ ಇದ್ದವರು ಅರುಣ್ ಪ್ರಕಾಶ್. ವಿಮಾನವಾಹಕ ನೌಕೆ ‘ವಿಕ್ರಮಾದಿತ್ಯ’ಕ್ಕೆ ಈಗ ಅದೇ ನೆಲೆ.

ಟಿಟ್ವಾಳಾದ ಓದುಗರಿಗೆ ಕೊನೆಯ ಮಾತು: ಹುಡುಗಿಯರಿಗೂ ಈ ಬಾಗಿಲು ತೆರೆದಿದೆ. 2019ರಲ್ಲಿ ಶಿವಾಂಗಿ ನೌಕಾಪಡೆಯ ಮೊದಲ ಮಹಿಳಾ ಪೈಲಟ್ ಆದರು. 2022ರಿಂದ ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲೂ (ಎನ್‌ಡಿಎ) ಹುಡುಗಿಯರು ಕಲಿಯುತ್ತಿದ್ದಾರೆ. ಅದರ ಪ್ರವೇಶ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ನೌಕಾಪಡೆ ಬೇಕೆಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇರಲೇಬೇಕು. ಲೋಕಲ್‌ನ ಮಾತು ಬದಿಗಿಟ್ಟು, ಮೊದಲು ಅರ್ಜಿ ತುಂಬಿಸಿ.