ರಾತ್ರಿ ಪಾಳಿಯವರೆಗೆ ತಲುಪಬೇಕಾದ ತರಬೇತಿ

ಹಿರಿಯರ ಆರೈಕೆ ಕೇಂದ್ರವೊಂದನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ಯಾವ ಕೋರ್ಸ್ ಮಾಡಿಕೊಂಡರೆ ಒಳ್ಳೆಯದು ಎಂದು ಆಗಾಗ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಾದರೆ ಉತ್ತರ ಸುಲಭ. ಅಲ್ಲಿ ಇಂಥ ಮನೆ ನಡೆಸುವವರು 80 ಗಂಟೆಗಳ ತರಬೇತಿ ಮುಗಿಸಿ, ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆಯಲೇಬೇಕು. ಎರಡು ವರ್ಷಕ್ಕೊಮ್ಮೆ ಇನ್ನೂ 40 ಗಂಟೆ ಕಲಿತರೆ ಮಾತ್ರ ಅದು ಚಾಲ್ತಿಯಲ್ಲಿರುತ್ತದೆ. ನಮ್ಮಲ್ಲಿ ಮ್ಯಾನೇಜರ್ ಕುರ್ಚಿಗೆ ಅಂಥ ಕಡ್ಡಾಯದ ಪರೀಕ್ಷೆ ಇಲ್ಲ. ನಾನು ಹೋಟೆಲ್ ಕೆಲಸ ಬಿಟ್ಟು ಬೆಂಗಳೂರಿನ ಕೇಂದ್ರವೊಂದಕ್ಕೆ ಬಂದವನು. ಅಡುಗೆಮನೆ, ಲಾಂಡ್ರಿ, ಲೆಕ್ಕಪತ್ರ ಗೊತ್ತಿತ್ತು, ವಯಸ್ಸಾದವರ ಮೈ ಮನಸ್ಸು ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡ ಕೆಲವು ಸಂಗತಿಗಳು ಇವು.

1. ಆಯಾಗಳ ತರಗತಿಯಲ್ಲೇ ಮ್ಯಾನೇಜರ್ ಕೂರಬೇಕು

ಮೊದಮೊದಲು ಸಿಬ್ಬಂದಿಗೆ ತರಬೇತಿ ನಡೆಯುವಾಗ ನಾನು ಆಫೀಸಿನಲ್ಲಿ ಬಿಲ್ ನೋಡುತ್ತಿದ್ದೆ. ಒಮ್ಮೆ ತರಬೇತಿಗೆ ಬಂದಿದ್ದ ನರ್ಸ್ ನನ್ನನ್ನೂ ಕರೆದರು. ತಾವೇ ಮಂಚದ ಮೇಲೆ ಮಲಗಿ, “ನನಗೆ ಲಕ್ವ ಹೊಡೆದಿದೆ, ಬಲಗಡೆ ಸ್ವಾಧೀನ ಇಲ್ಲ. ವೀಲ್‌ಚೇರಿಗೆ ಕೂರಿಸಿ ಸಾರ್” ಎಂದರು. ನಾನು ಕಂಕುಳಿಗೆ ಕೈಹಾಕಿ ಎತ್ತಲು ಹೋದೆ. “ಹೀಗೆ ಎತ್ತಿದ್ರೆ ನನ್ನ ಭುಜ ಹೋಗುತ್ತೆ, ನಿಮ್ಮ ಸೊಂಟ ಹೋಗುತ್ತೆ” ಎಂದು ತಡೆದರು.

ಸರಿಯಾದ ಕ್ರಮವೇ ಬೇರೆ. ವೀಲ್‌ಚೇರನ್ನು ಸ್ವಾಧೀನ ಇರುವ ಕಡೆಗೆ, ಮಂಚಕ್ಕೆ ತುಸು ಓರೆಯಾಗಿ ತಂದು ನಿಲ್ಲಿಸಬೇಕು. ಎರಡೂ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮಡಚಬೇಕು. ಮಲಗಿದವರನ್ನು ಎಬ್ಬಿಸಿ, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸಬೇಕು. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಆಮೇಲೆ ಸೊಂಟದ ಬೆಲ್ಟ್ ಹಿಡಿದು, ಬಲ ಇಲ್ಲದ ಮಂಡಿಗೆ ನಮ್ಮ ಮಂಡಿ ಆನಿಸಿ, ಅವರೇ ಎದ್ದು ನಿಲ್ಲಲು ನೆರವಾಗಬೇಕು. ಎಷ್ಟು ಸಾಧ್ಯವೋ ಅಷ್ಟನ್ನು ಅವರಿಂದಲೇ ಮಾಡಿಸುವುದು ಇದರಲ್ಲಿ ಮುಖ್ಯ.

ಇದನ್ನು ಕೈಯಾರೆ ಮಾಡಿದ ಮೇಲೆ ನಾನು ಹಾಕಿದ ಡ್ಯೂಟಿ ಪಟ್ಟಿ ಎಷ್ಟು ತಪ್ಪು ಎಂದು ಅರಿವಾಯಿತು. ಎಲ್ಲರೂ ಮಲಗಿರುತ್ತಾರೆ, ಕೆಲಸ ಕಡಿಮೆ ಎಂದು ರಾತ್ರಿ ಒಂದು ಮಹಡಿಗೆ ಒಬ್ಬರನ್ನೇ ಹಾಕುತ್ತಿದ್ದೆ. ಭಾರದ ಮೈಯವರನ್ನು ಶೌಚಕ್ಕೆ ಕರೆದೊಯ್ಯಲು ಇಬ್ಬರು ಬೇಕು, ಅದೂ ಹೆಚ್ಚಾಗಿ ರಾತ್ರಿಯೇ ಬೇಕು. ಆ ಹೆಂಗಸರು ಒಬ್ಬೊಬ್ಬರೇ ಹೇಗೆ ನಿಭಾಯಿಸಿದ್ದರೋ ಎಂದು ಈಗಲೂ ಸಂಕಟವಾಗುತ್ತದೆ.

2. ದಿಢೀರ್ ಗೊಂದಲವನ್ನು ವಯಸ್ಸಿನ ತಲೆಗೆ ಕಟ್ಟಬಾರದು

ನಮ್ಮಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು, ಎಲ್ಲರ ಬಾಯಲ್ಲೂ ಟೀಚರಮ್ಮ. ದಿನಾ ಪೇಪರ್ ಓದಿ ಸುದ್ದಿ ಹೇಳುತ್ತಿದ್ದವರು ಒಂದು ಸಂಜೆ ಗೋಡೆ ಕಡೆ ಕೈತೋರಿಸಿ ಯಾರನ್ನೋ ಗದರತೊಡಗಿದರು. ನಾನು ಅವರ ಮಗಳಿಗೆ ಫೋನ್ ಮಾಡಿ, ಮರೆವಿನ ಕಾಯಿಲೆ ಶುರುವಾಗಿರಬೇಕು ಅಂದೆ. ರಾತ್ರಿ ಪಾಳಿಗೆ ಬಂದ ಆಯಾ ಹೇಳಿದ್ದು ಬೇರೆ: “ಸಾರ್, ಟೀಚರಮ್ಮ ನಿನ್ನೆಯಿಂದ ನೀರೇ ಸರಿಯಾಗಿ ಕುಡಿದಿಲ್ಲ. ಉಚ್ಚೆ ಹೋಗುವಾಗ ಉರಿ ಅಂತಿದ್ರು.” ಡಾಕ್ಟರು ನೋಡಿದಾಗ ಮೂತ್ರದ ಸೋಂಕು. ಔಷಧಿ ಶುರುಮಾಡಿ ಕೆಲವು ದಿನಗಳಲ್ಲಿ ಮೊದಲಿನಂತಾದರು.

ಡಿಮೆನ್ಷಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಹೆಚ್ಚುತ್ತದೆ. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬರುವ ಗೊಂದಲಕ್ಕೆ ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಸೋಂಕು, ನೀರಿನ ಕೊರತೆ, ಮಲಬದ್ಧತೆ, ಹೊಸ ಮಾತ್ರೆ ಹೀಗೆ ಅದರ ಹಿಂದೆ ಕಾರಣ ಇರುತ್ತದೆ. ಹುಡುಕಿ ಚಿಕಿತ್ಸೆ ಕೊಟ್ಟರೆ ಬಹಳ ಸಲ ಇಳಿಯುತ್ತದೆ. ಈಗ ಪಾಳಿ ಬದಲಾಗುವಾಗ ನಾವು ಕೇಳುವ ಮೊದಲ ಪ್ರಶ್ನೆ, “ಇವರು ನಿನ್ನೆ ಹೀಗಿದ್ದರಾ?” ಉತ್ತರ ‘ಇಲ್ಲ’ ಎಂದಾದರೆ ಬೆಳಗಾಗಲಿ ಎಂದು ಕಾಯುವುದಿಲ್ಲ.

3. ಮಾತ್ರೆ ನುಂಗಿದ ಮೇಲೇ ಸಹಿ

ಗಡಿಬಿಡಿಯಲ್ಲಿ ರಿಜಿಸ್ಟರಿಗೆ ಮೊದಲೇ ಸಾಲಾಗಿ ಸಹಿ ಹಾಕಿ, ಆಮೇಲೆ ಮಾತ್ರೆ ಹಂಚುವ ಅಭ್ಯಾಸ ಬೇಗ ಬೆಳೆಯುತ್ತದೆ. ಅದನ್ನು ಬಿಡಿಸುವುದು ಕಷ್ಟ, ಬಿಡಿಸಲೇಬೇಕು. ಇನ್ನೊಂದು: ನುಂಗಲಾರದವರಿಗೆ ಮಾತ್ರೆ ಪುಡಿಮಾಡಿ ಕೊಡುವ ಮುನ್ನ ಕೇಳಬೇಕು. ಹೆಸರಿನ ಮುಂದೆ ‘ಎಸ್‌ಆರ್’ ಅಥವಾ ‘ಇಆರ್’ ಎಂದಿದ್ದರೆ ಅದು ಮೆಲ್ಲಗೆ ಕರಗಬೇಕಾದ ಮಾತ್ರೆ, ಪುಡಿಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಸೇರುತ್ತದೆ.

4. ಬೆನ್ನು ನೋಡದೆ ರೌಂಡ್ಸ್ ಮುಗಿಯುವುದಿಲ್ಲ

ಹೋಟೆಲಿನ ರೂಢಿಯಂತೆ ನಾನು ಚಾದರ, ನೆಲ, ಬಚ್ಚಲು ನೋಡಿ ತೃಪ್ತನಾಗುತ್ತಿದ್ದೆ. ಮಲಗಿದಲ್ಲೇ ಇರುವವರ ಬೆನ್ನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ ನೋಡಬೇಕೆಂದು ಕಲಿಸಿದ್ದು ನರ್ಸ್. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗೇ ಉಳಿದರೆ ಹುಣ್ಣು ಆಗಲೇ ಶುರುವಾಗಿದೆ ಎಂದರ್ಥ. ನಮ್ಮಲ್ಲಿ ಅನೇಕರ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದೇ ಇಲ್ಲ. ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ತಿಳಿಯಬೇಕು.

5. ಕೋರ್ಸ್ ಆರಿಸುವಾಗ ಮಂಚದ ಪಕ್ಕದ ಗಂಟೆಗಳನ್ನು ಕೇಳಿ

ಕೋರ್ಸ್‌ಗಳು ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯದಡಿ ದೆಹಲಿಯಲ್ಲಿರುವ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆ ಹಿರಿಯರ ಆರೈಕೆಯಲ್ಲಿ ತರಬೇತಿ ಕೊಡಿಸುತ್ತದೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ಆರೈಕೆ ಕಲಿಸುತ್ತದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ, ನಿವೃತ್ತರ ವಸತಿಗಳ ಬಗ್ಗೆ ಕೇಂದ್ರ 2019ರಲ್ಲಿ ಹೊರಡಿಸಿದ ಮಾದರಿ ಮಾರ್ಗಸೂಚಿ ಇವೆರಡನ್ನೂ ಮ್ಯಾನೇಜರ್ ಓದಿರಲೇಬೇಕು. ಆದರೆ ಇಳಿಜಾರು ದಾರಿ, ಜಾರದ ಟೈಲ್ಸ್ ಬಗ್ಗೆ ಓದಿದ ಮಾತ್ರಕ್ಕೆ ಊಟ ಮಾಡಿಸಲು ಬರುವುದಿಲ್ಲ. ನುಂಗಲು ತೊಂದರೆ ಇರುವ ಅಜ್ಜನಿಗೆ ತಿಳಿ ನೀರಿಗಿಂತ ಮಂದ ಅಂಬಲಿ ಸಲೀಸು, ಉಂಡ ಮೇಲೆ ಅರ್ಧ ಗಂಟೆಯಾದರೂ ನೆಟ್ಟಗೆ ಕೂರಿಸಬೇಕು ಎಂಬುದು ಪಕ್ಕದಲ್ಲಿ ಕೂತು ತುತ್ತು ಕೊಟ್ಟಾಗ ಬರುವ ವಿದ್ಯೆ. ಕೋರ್ಸ್ ನಡೆಸುವವರನ್ನು ಕೇಳಿ: ತರಗತಿ ಎಷ್ಟು ಗಂಟೆ, ಹಿರಿಯರ ಜೊತೆ ಎಷ್ಟು ಗಂಟೆ? ಎರಡನೆಯದು ಕಡಿಮೆ ಇದ್ದರೆ ಬೇರೆ ಕಡೆ ಹುಡುಕಿ.

6. ಕೊನೆಗಾಲದ ಮಾತನ್ನು ಸೇರುವ ದಿನಗಳಲ್ಲೇ ಎತ್ತಬೇಕು

ಇದನ್ನು ಕೇಳಲು ನಾನು ಬಹಳ ಕಾಲ ಅಂಜಿದೆ. ಅಪಶಕುನ ಅಂದುಕೊಂಡಾರು ಎಂಬ ಭಯ. ಅದರ ಫಲವನ್ನು ನಮ್ಮ ತಾತನೊಬ್ಬರು ಅನುಭವಿಸಿದರು. ಮನೆಯಂಥ ಜಾಗದಲ್ಲೇ ಇರಬೇಕೆಂದು ಆಯಾಗಳ ಬಳಿ ಎಷ್ಟೋ ಸಲ ಹೇಳಿದ್ದರಂತೆ. ಉಸಿರು ಕಟ್ಟಿದ ರಾತ್ರಿ, ವಿದೇಶದಲ್ಲಿದ್ದ ಮಗ ಫೋನಿಗೆ ಸಿಗಲಿಲ್ಲ, ಕಾಗದದಲ್ಲಿ ಏನೂ ಇರಲಿಲ್ಲ. ಆಂಬುಲೆನ್ಸ್ ಕರೆಸಿದೆವು. ಐಸಿಯುನಿಂದ ಅವರು ವಾಪಸು ಬರಲಿಲ್ಲ.

ತಮಗೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು. 2023ರಲ್ಲಿ ವಿಧಾನ ಸರಳವಾಯಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಈಗ ಸೇರಿದ ಮೊದಲ ವಾರಗಳಲ್ಲೇ, ಹಿರಿಯರು ಸ್ವಲ್ಪ ಹೊಂದಿಕೊಂಡ ಮೇಲೆ, ಮಕ್ಕಳನ್ನೂ ಕೂರಿಸಿಕೊಂಡು ಕೇಳುತ್ತೇನೆ. ಮಕ್ಕಳು ಮುಜುಗರಪಡುತ್ತಾರೆ, ಹಿರಿಯರು ಹೆಚ್ಚಾಗಿ ನಿರಾಳವಾಗಿ ಮಾತಾಡುತ್ತಾರೆ. ಬರೆದ ಕಾಗದ ನನ್ನ ಕಪಾಟಿನ ಬೀಗದೊಳಗೇ ಇದ್ದರೆ ರಾತ್ರಿ ಎರಡು ಗಂಟೆಗೆ ಯಾರ ಕೈಗೂ ಸಿಗದು. ಒಂದು ಪ್ರತಿ ರಾತ್ರಿ ಪಾಳಿಯ ಮೇಜಿನ ಮೇಲಿನ ಫೈಲಿನಲ್ಲಿರಬೇಕು, ಹೊಸದಾಗಿ ಪಾಳಿಗೆ ಬರುವವರಿಗೆ ಮೊದಲ ದಿನವೇ ಅದನ್ನು ತೆಗೆದು ತೋರಿಸಬೇಕು.