ರೂಟರ್‌ಗೊಂದು ಒಳ್ಳೆಯ ಜಾಗ ಕೊಡಿ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಎಷ್ಟೋ ಹಳೇ ಮನೆಗಳ ಗೋಡೆ ಮೊಳದಷ್ಟು ದಪ್ಪ. ಬೇಸಿಗೆಯಲ್ಲಿ ತಂಪು ಕೊಡುವ ಆ ಗೋಡೆಗಳೇ ವೈಫೈಗೆ ಅಡ್ಡ. ಸಿನಿಮಾ ಅರ್ಧಕ್ಕೆ ನಿಂತು ಚಕ್ರ ಸುತ್ತತೊಡಗಿದರೆ, ಕಂಪನಿಗೆ ಫೋನ್ ಮಾಡುವ ಮೊದಲು ರೂಟರ್ ಎಲ್ಲಿದೆ ನೋಡಿ. ಟಿವಿ ಹಿಂದೆ, ಬೀರುವಿನೊಳಗೆ, ಫ್ರಿಜ್ ಪಕ್ಕ ಇದ್ದರೆ ಅಲ್ಲಿಂದ ತೆಗೆದು, ನಡುಮನೆಯಲ್ಲಿ ಎದೆಯೆತ್ತರದ ತೆರೆದ ಜಾಗದಲ್ಲಿಡಿ.

ಈಗಿನ ಬಹಳಷ್ಟು ರೂಟರ್‌ಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಬ್ಯಾಂಡ್ ಇರುತ್ತವೆ. 5ರದು ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ರೂಟರ್ ಇರುವ ಕೋಣೆಯ ಟಿವಿಗೆ 5, ಒಳಕೋಣೆಯ ಮೊಬೈಲಿಗೆ 2.4 ಇರಲಿ. ಟಿವಿಗೆ ಲ್ಯಾನ್ ಕೇಬಲ್ಲನ್ನೇ ಎಳೆದುಬಿಟ್ಟರೆ ಇನ್ನೂ ಒಳ್ಳೆಯದು. ನನ್ನ ಪ್ರಕಾರ ಅದಕ್ಕಿಂತ ಖಾತ್ರಿಯಾದ ಉಪಾಯವಿಲ್ಲ.

ಕೇಬಲ್ ಹಾಕಿದರೂ ನಿಲ್ಲುತ್ತಿದ್ದರೆ ತಪ್ಪು ವೈಫೈನದಲ್ಲ. ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಮಿನುಗಿದರೆ ಬೆಳಕೇ ಮನೆ ತಲುಪುತ್ತಿಲ್ಲ ಎಂದರ್ಥ. ಎಲ್ಲೋ ಎಳೆ ತುಂಡಾಗಿರಬಹುದು, ಇಲ್ಲವೇ ಬಾಗಿರಬಹುದು. ಅದು ಕೂದಲೆಳೆಯಂಥ ಗಾಜು. ದಯವಿಟ್ಟು ಮೊಳೆಗೆ ಸುತ್ತಿ ಬಿಗಿಯಬೇಡಿ.

ಮಳೆಗಾಳಿಯ ಸಂಜೆ ಕರೆಂಟ್ ಕ್ಷಣ ಹೋಗಿ ಬಂದರೂ ರೂಟರ್ ಚೇತರಿಸಿಕೊಳ್ಳಲು ಒಂದೆರಡು ನಿಮಿಷ ಬೇಕು. ಅದಕ್ಕೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ 12 ವೋಲ್ಟೋ 9 ವೋಲ್ಟೋ ಓದಿಕೊಂಡೇ ಕೊಳ್ಳಿ.

ರಿಸೆಟ್ ಗುಂಡಿ ಮಾತ್ರ ಒತ್ತಬೇಡಿ, ಸೆಟ್ಟಿಂಗೆಲ್ಲ ಅಳಿಸಿಹೋಗುತ್ತದೆ. ದೂರು ಕೊಡುವಾಗ ಸಂಪರ್ಕ ಕಡಿದ ಹೊತ್ತು, ದೀಪದ ಬಣ್ಣ ಎರಡನ್ನೂ ಬರೆದಿಟ್ಟುಕೊಂಡು ಹೇಳಿ.