ಮೂಳೆ-ಸ್ನಾಯು ರೋಗಗಳು: ವಿಚಾರಸಂಕಿರಣದ ಫಲ ರೋಗಿಯ ಮನೆಗೆ ತಲುಪಲಿ

ದೇಹವನ್ನು ಎತ್ತಿ ನಿಲ್ಲಿಸುವುದು ಅಸ್ಥಿಧಾತು. ಅದನ್ನು ನಡೆಸುವುದು ಮಾಂಸಧಾತು. ಇವೆರಡೂ ಕೆಟ್ಟಲ್ಲಿ ಮನುಷ್ಯನ ಕಾಯಕವೇ ನಿಂತುಹೋಗುತ್ತದೆ. ಈ ಕೇಡಿಗೆ ಕಾರಣಗಳು ಹಲವು. ಮುಪ್ಪಿನ ಸವೆತ, ಪೋಷಣೆಯ ಕೊರತೆ, ಕುಡಿಯುವ ನೀರಿನ ದೋಷ, ವಂಶದಿಂದ ಬಂದ ಬೀಜದೋಷ ಇವುಗಳಲ್ಲಿ ಮುಖ್ಯವಾದವು. ಆದರೆ ರೋಗಿಯ ಬಾಯಲ್ಲಿ ಇವೆಲ್ಲಕ್ಕೂ ಇರುವುದು ಒಂದೇ ಮಾತು: ಸೊಂಟನೋವು, ಮಂಡಿನೋವು. ಇವುಗಳ ಮೂಲವನ್ನು ಬೇರ್ಪಡಿಸಿ ಕಾಣಲು ಒಬ್ಬ ವೈದ್ಯನ ಅನುಭವ ಸಾಲದು. ಆದುದರಿಂದಲೇ ಬೇರೆ ಬೇರೆ ಶಾಸ್ತ್ರಗಳ ತಜ್ಞರು ಒಂದೆಡೆ ಸೇರಿ ವಿಚಾರಸಂಕಿರಣ ನಡೆಸುವುದು ಅವಶ್ಯಕ. ಅಂತಹ ಸಂಕಿರಣ ಹೇಗಿರಬೇಕು, ಅದರಿಂದ ಸಾಮಾನ್ಯ ಜನರಿಗೆ ಏನು ದೊರೆಯಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ವೈದ್ಯರು ಕಲೆತು ಚರ್ಚಿಸುವ ಪದ್ಧತಿ ನಮಗೆ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯವು ಇದನ್ನು ತದ್ವಿದ್ಯಸಂಭಾಷಾ ಎಂದು ಕರೆಯುತ್ತದೆ. ಸ್ನೇಹದಿಂದ ನಡೆಯುವುದು ಸಂಧಾಯ ಸಂಭಾಷೆ. ಗೆಲ್ಲಲೇಬೇಕೆಂಬ ಹಠದಿಂದ ನಡೆಯುವುದು ವಿಗೃಹ್ಯ ಸಂಭಾಷೆ. ಅದೇ ಗ್ರಂಥದ ಸೂತ್ರಸ್ಥಾನದ 12ನೆಯ ಅಧ್ಯಾಯದಲ್ಲಿ ವಾತವನ್ನು ಕುರಿತು ಋಷಿಗಳ ಸಭೆಯೊಂದು ನಡೆಯುತ್ತದೆ. ವಾರ್ಯೋವಿದನು ವಾಯುವಿನ ಶಕ್ತಿಯನ್ನು ವಿಸ್ತಾರವಾಗಿ ವರ್ಣಿಸಿದಾಗ ಮರೀಚಿಯು, ಇದು ನಿಜವೇ ಇರಬಹುದು, ಆದರೆ ಇದನ್ನು ಹೇಳುವುದರಿಂದ ವೈದ್ಯವಿದ್ಯೆಗೆ ಪ್ರಯೋಜನವೇನು ಎಂದು ಕೇಳುತ್ತಾನೆ. ವಾಯುವಿನ ಬಲವನ್ನೂ ವೇಗವನ್ನೂ ಅರಿಯದ ವೈದ್ಯನು ಬರಲಿರುವ ಅಪಾಯವನ್ನು ಮುಂಚಿತವಾಗಿ ಹೇಗೆ ತಿಳಿಸಿಯಾನು ಎಂಬುದು ವಾರ್ಯೋವಿದನ ಉತ್ತರ. ಮರೀಚಿಯ ಆ ಪ್ರಶ್ನೆಯನ್ನು ಇಂದಿನ ಪ್ರತಿಯೊಂದು ಸಂಕಿರಣದಲ್ಲಿಯೂ ಕೇಳಬೇಕು.

ನಮ್ಮ ನಾಡಿನಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವಿದೆ. 1974-75ರ ಸುಮಾರಿಗೆ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಕೆಲವು ದಲಿತ ಕೃಷಿಕೂಲಿ ಕುಟುಂಬಗಳ ಜನರು ಸೊಂಟ ಮತ್ತು ಮಂಡಿಯ ಕೀಲುಗಳ ತೀವ್ರ ನೋವಿನಿಂದ ನಡೆಯಲಾರದಂತಾದರು. ಕೆಲವರ ಎತ್ತರವೇ ಕುಂಠಿತವಾಗಿತ್ತು. ಗದ್ದೆಗೆ ಸಿಂಪಡಿಸಿದ ಕೀಟನಾಶಕವು ಏಡಿ, ಮೀನುಗಳ ಮೂಲಕ ಹೊಟ್ಟೆ ಸೇರಿರಬಹುದೆಂಬ ಶಂಕೆ ಮೊದಲು ಹುಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಅಧ್ಯಯನ ಮಾಡಿ, ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದು ಹೆಸರಿಸಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ತಳಿಶಾಸ್ತ್ರ, ಎಕ್ಸ್‌ರೇ ಹಾಗೂ ಮೂಳೆಶಾಸ್ತ್ರಗಳ ತಜ್ಞರು ಕೂಡಿ ಪರಿಶೀಲಿಸಿದರು. 1994ರಲ್ಲಿ ಪ್ರಕಟವಾದ ಅವರ ಅಧ್ಯಯನವು ಇದನ್ನು ವಂಶಪಾರಂಪರ್ಯವಾಗಿ ಬರುವ ಮೂಳೆಬೆಳವಣಿಗೆಯ ದೋಷವೆಂದು ಗುರುತಿಸಿತು. ತಂದೆ ತಾಯಿಗಳಲ್ಲಿ ಒಬ್ಬರಿಗೆ ಈ ದೋಷವಿದ್ದರೂ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಗಂಡು ಹೆಣ್ಣೆಂಬ ಭೇದ ಅದಕ್ಕಿಲ್ಲ.

ಬೀಜದ ಯಾವ ಭಾಗ ಕೆಡುತ್ತದೆಯೋ ಅದರಿಂದ ಹುಟ್ಟುವ ಅವಯವವೂ ಕೆಡುತ್ತದೆ ಎಂದು ಚರಕನೂ ಹೇಳಿದ್ದಾನೆ. ಸುಶ್ರುತನು ಇಂತಹ ರೋಗಗಳನ್ನು ಆದಿಬಲಪ್ರವೃತ್ತವೆಂದು ಬೇರೆಯಾಗಿಯೇ ಎಣಿಸಿದ್ದಾನೆ. ಹಂದಿಗೋಡು ರೋಗವನ್ನು ಸಮೂಲವಾಗಿ ಗುಣಪಡಿಸುವ ಔಷಧ ಆಯುರ್ವೇದದಲ್ಲಿಯೂ ಇಲ್ಲ, ಆಧುನಿಕ ವೈದ್ಯದಲ್ಲಿಯೂ ಇಲ್ಲ. ಅಭ್ಯಂಗ, ಸ್ವೇದನಗಳಿಂದ ಬಿಗಿತ ಮತ್ತು ನೋವು ತಗ್ಗಬಹುದು. ವ್ಯಾಯಾಮಚಿಕಿತ್ಸೆಯಿಂದ ನಡಿಗೆ ಕೆಲಕಾಲ ಉಳಿಯಬಹುದು. ಕೀಲು ತೀರ ಸವೆದಾಗ ಶಸ್ತ್ರಚಿಕಿತ್ಸೆಯಿಂದ ಕೃತಕ ಕೀಲು ಜೋಡಿಸಬಹುದು. ಹಾಗಿದ್ದರೆ ಸಂಶೋಧನೆಯ ಫಲವೇನು? ಇದು ಶಾಪವಲ್ಲ, ಅಂಟುರೋಗವಲ್ಲ, ಯಾರ ತಪ್ಪೂ ಅಲ್ಲ ಎಂಬ ನಿಶ್ಚಯ ದೊರೆತುದೇ ಮೊದಲ ಫಲ. ಆ ನಿಶ್ಚಯವು ಆಂಗ್ಲ ಪತ್ರಿಕೆಯ ಪುಟದಲ್ಲಿಯೇ ಉಳಿದರೆ, ರಕ್ತ ಕೊಟ್ಟು ಎಕ್ಸ್‌ರೇ ತೆಗೆಸಿಕೊಂಡ ಬಡವನಿಗೆ ಅದರಿಂದ ದೊರೆತುದಾದರೂ ಏನು?

ಇನ್ನು ನೀರಿನ ದೋಷವನ್ನು ನೋಡಿರಿ. ನೀರಿನಲ್ಲಿ ಫ್ಲೋರೈಡ್ ಅಧಿಕವಾದರೂ ಬೆನ್ನು, ಕೀಲುಗಳು ಬಿಗಿದು ಮನುಷ್ಯ ಬಾಗಿಹೋಗುತ್ತಾನೆ. ಇಲ್ಲಿ ದೋಷ ಬೀಜದ್ದಲ್ಲ, ಬಾವಿಯದು. ಭಾರತೀಯ ಮಾನದಂಡದಂತೆ ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು. ಬೇರೆ ನೀರು ಸಿಗದಲ್ಲಿ 1.5 ಮಿಲಿಗ್ರಾಂವರೆಗೆ ಸಹ್ಯ. ಬಾವಿಯನ್ನು ಬದಲಿಸಿದರೆ ಮುಂದಿನ ಪೀಳಿಗೆ ಉಳಿಯುತ್ತದೆ. ಆದುದರಿಂದ ಮೂಳೆರೋಗದ ಸಭೆಯಲ್ಲಿ ವೈದ್ಯನ ಪಕ್ಕದಲ್ಲಿ ನೀರಿನ ಪರೀಕ್ಷಕನೂ ತಳಿಶಾಸ್ತ್ರಜ್ಞನೂ ಕುಳಿತಿರಬೇಕು.

ಸಂಕಿರಣವನ್ನು ಏರ್ಪಡಿಸುವವರು ಕೆಲವು ನಿಯಮಗಳನ್ನು ಪಾಲಿಸುವುದು ಒಳ್ಳೆಯದು. ಮೊದಲನೆಯದಾಗಿ, ಎಲ್ಲ ರೋಗಗಳನ್ನೂ ತುಂಬದೆ ಒಂದು ಸ್ಪಷ್ಟ ಪ್ರಶ್ನೆಯನ್ನು ಇಟ್ಟುಕೊಳ್ಳಬೇಕು. ಎರಡನೆಯದಾಗಿ, ಪ್ರಬಂಧಗಳನ್ನು ತಿಂಗಳುಗಳ ಮೊದಲೇ ತರಿಸಿಕೊಂಡು, ಲೇಖಕರ ಹೆಸರು ಮುಚ್ಚಿ, ಇಬ್ಬರು ತಜ್ಞರಿಂದ ಪರಿಶೀಲಿಸಬೇಕು. ಮೂರನೆಯದಾಗಿ, ಭಾಷಣಕ್ಕೆ ಕೊಟ್ಟಷ್ಟೇ ಸಮಯವನ್ನು ಚರ್ಚೆಗೂ ಮೀಸಲಿಡಬೇಕು. ಸನ್ಮಾನ, ಹಾರತುರಾಯಿಗಳು ಆ ಸಮಯವನ್ನು ನುಂಗಬಾರದು. ನಾಲ್ಕನೆಯದಾಗಿ, ರೋಗಿಯ ಒಪ್ಪಿಗೆಯಿಲ್ಲದೆ ಅವನ ಹೆಸರನ್ನಾಗಲಿ ಭಾವಚಿತ್ರವನ್ನಾಗಲಿ ತೋರಿಸಬಾರದು. ಐದನೆಯದಾಗಿ, ಔಷಧ ಮಾರುವವರ ಹಣ ಬಂದಿದ್ದರೆ ಅದನ್ನು ಸಭೆಗೆ ತಿಳಿಸಬೇಕು. ಕೊನೆಯದಾಗಿ, ನಿರ್ಣಯಗಳನ್ನು ಸರಳ ಕನ್ನಡದಲ್ಲಿ ಮುದ್ರಿಸಿ, ಅಧ್ಯಯನಕ್ಕೆ ಒಳಗಾದ ಪ್ರತಿಯೊಂದು ಮನೆಗೂ ಮುಟ್ಟಿಸಬೇಕು. ಓದಲು ಬಾರದವರಿಗೆ ಕುಳಿತು ಓದಿ ಹೇಳಬೇಕು.

ಸಂಶೋಧನೆಗೆ ಭಕ್ತರ ನೆರವೂ ಬೇಕು. ಮೂರು ವರ್ಷ ದಾಟಿದ ಗಂಡುಮಗು ಪದೇ ಪದೇ ಬೀಳುತ್ತಿದ್ದರೆ, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಏಳುತ್ತಿದ್ದರೆ, ಮೀನಖಂಡ ಅಸಹಜವಾಗಿ ದಪ್ಪಗಿದ್ದರೆ ಅದನ್ನು ಬರಿಯ ನಿಶ್ಶಕ್ತಿಯೆಂದು ಟಾನಿಕ್ ಕುಡಿಸುತ್ತ ಕೂಡಬೇಡಿರಿ. ಅದು ಡ್ಯುಶೆನ್ ಎಂಬ ಸ್ನಾಯುಕ್ಷಯದ ಲಕ್ಷಣವಾಗಿರಬಹುದು. ಸಿಪಿಕೆ ಎಂಬ ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹ ರೋಗಗಳ ತಜ್ಞರಿದ್ದಾರೆ. 2021ರ ರಾಷ್ಟ್ರೀಯ ವಿರಳ ರೋಗಗಳ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸಹ ಗುರುತಿಸಲ್ಪಟ್ಟ ಕೇಂದ್ರವಾಗಿದೆ. ಮನೆಯಲ್ಲಿ ಮೂರು ತಲೆಮಾರಿನವರಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ ನೋವು ಆರಂಭವಾಯಿತೆಂದು ಬರೆದಿಡಿರಿ. ಹಳೆಯ ಎಕ್ಸ್‌ರೇಗಳನ್ನು ಎಸೆಯಬೇಡಿರಿ. ಹೆಸರಿಲ್ಲದ ನೋವಿನ ಪುಡಿಗಳನ್ನು ನುಂಗಬೇಡಿರಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಮೂಳೆ ಇನ್ನಷ್ಟು ಟೊಳ್ಳಾಗುತ್ತದೆ.

ಜೋಯಿಡಾ ತಾಲ್ಲೂಕಿನ ನಮ್ಮ ಅಣಶಿಯಂತಹ ಕಾಡೂರಿನ ರೋಗಿ ತಜ್ಞರನ್ನು ಕಾಣಲು ಘಟ್ಟವಿಳಿದು ಕಾರವಾರಕ್ಕೆ ಹೋಗಬೇಕು, ಇಲ್ಲವೆ ದಾಂಡೇಲಿಯ ಮಾರ್ಗವಾಗಿ ಹುಬ್ಬಳ್ಳಿ, ಧಾರವಾಡಗಳಿಗೆ ಹೋಗಬೇಕು. ನಡೆಯಲಾರದವನಿಗೆ ಅದೇ ದೊಡ್ಡ ಶಿಕ್ಷೆ. ಆದುದರಿಂದ ಸಂಕಿರಣಗಳು ನಗರದ ಸಭಾಂಗಣಗಳಲ್ಲಿ ನಡೆದರೂ ಅವುಗಳ ಒಂದು ದಿನವಾದರೂ ಹಳ್ಳಿಯಲ್ಲಿ ನಡೆಯಲಿ. ಊರಿನ ಶಾಲೆಯ ಕೋಣೆ, ಮಠದ ದಾಸೋಹಭವನ ಇದಕ್ಕೆ ಸಾಕು. ತಜ್ಞರು ಬೆಳಿಗ್ಗೆ ರೋಗಿಗಳನ್ನು ಪರೀಕ್ಷಿಸಿ, ಮಧ್ಯಾಹ್ನ ತಮ್ಮೊಳಗೆ ಚರ್ಚಿಸಿ, ಸಂಜೆ ಮನೆಯವರಿಗೆ ಅವರ ಮಾತಿನಲ್ಲಿಯೇ ತಿಳಿಸಿ ಹೋಗಲಿ. ಗುಣವಾಗುವುದೋ ಇಲ್ಲವೋ, ತನ್ನ ರೋಗದ ಹೆಸರನ್ನೂ ಮುಂದಿನ ದಾರಿಯನ್ನೂ ತಿಳಿಯುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ.